ಅಜ್ಜಿಯ ಮರೆವು ನಾಟಕವಲ್ಲ

"ನಮ್ಮತ್ತೆಗೆ ಐವತ್ತು ವರ್ಷದ ಹಿಂದೆ ತಮ್ಮ ಮದುವೆ ಊಟಕ್ಕೆ ಏನೇನು ಬಡಿಸಿದ್ದರು ಅನ್ನೋದು ಚೆನ್ನಾಗಿ ನೆನಪಿದೆ. ಬೆಳಿಗ್ಗೆ ತಿಂದ ಉಪ್ಪಿಟ್ಟು ಮಾತ್ರ ನೆನಪಿಲ್ಲವಂತೆ. ಬಂದವರ ಎದುರಿಗೆ ‘ನನಗೆ ತಿಂಡೀನೇ ಕೊಟ್ಟಿಲ್ಲ’ ಅಂತಾರೆ. ಇದು ನಾಟಕ ಅಲ್ಲದೆ ಇನ್ನೇನು ಡಾಕ್ಟ್ರೇ?" ವಯಸ್ಸಾದವರನ್ನು ಕರೆತರುವ ಮನೆಯವರ ಬಾಯಲ್ಲಿ ಇಂಥ ಮಾತು ಕೇಳದ ವೈದ್ಯರು ಇರಲಾರರು. ಹೀಗೆ ಹೇಳುವವರು ಕೆಟ್ಟವರೇನಲ್ಲ. ಒಂದೇ ಪ್ರಶ್ನೆಗೆ ದಿನಕ್ಕೆ ಇಪ್ಪತ್ತು ಸಲ ಉತ್ತರ ಕೊಟ್ಟು ಸೋತವರು. ಆದರೂ ಅವರ ಆರೋಪ ತಪ್ಪು. ಹಳೆಯದು ಉಳಿದು ಹೊಸದು ನಿಲ್ಲದಿರುವುದು ಕಪಟದ ಲಕ್ಷಣವಲ್ಲ. ಮಿದುಳಿನ ಒಂದು ನಿರ್ದಿಷ್ಟ ನರಮಾರ್ಗ ಹಾಳಾಗುತ್ತಿದೆ ಎಂಬುದರ ಸೂಚನೆ ಅದಾಗಿರಬಹುದು.

ನಮ್ಮ ಮಿದುಳಿನ ಒಳಮಗ್ಗುಲಲ್ಲಿ, ಹೆಚ್ಚುಕಡಿಮೆ ಕಿವಿಯ ನೇರಕ್ಕೆ, ಎಡಕ್ಕೊಂದು ಬಲಕ್ಕೊಂದು ಹಿಪ್ಪೊಕ್ಯಾಂಪಸ್ ಎಂಬ ಭಾಗವಿದೆ. ಗಾತ್ರ ಸುಮಾರು ಕಿರುಬೆರಳಿನಷ್ಟು. ಬಾಗಿದ ಆಕಾರ ಕಡಲಕುದುರೆಯಂತೆ ಕಾಣುವುದರಿಂದ ಈ ಹೆಸರು. ಹೊಸ ಅನುಭವಗಳು ನೆನಪಾಗಿ ನಿಲ್ಲಬೇಕಾದರೆ ಇದು ಕೆಲಸ ಮಾಡಲೇಬೇಕು. ಆದರೆ ಇದು ತಾನಾಗಿಯೇ ಏನನ್ನೂ ನೋಡುವುದಿಲ್ಲ, ಕೇಳುವುದಿಲ್ಲ. ಕಂಡದ್ದು ಕೇಳಿದ್ದೆಲ್ಲ ಪಕ್ಕದ ಎಂಟೋರೈನಲ್ ಪದರಕ್ಕೆ ಬಂದು, ಅಲ್ಲಿಂದ ನರತಂತುಗಳ ಒಂದು ಕಟ್ಟಿನ ಮೂಲಕ ಹಿಪ್ಪೊಕ್ಯಾಂಪಸ್ಸಿನ ಒಳಗೆ ಹೋಗುತ್ತದೆ. ಒಳಗೆ ಮೊದಲು ಡೆಂಟೇಟ್ ಎಂಬ ಪಟ್ಟಿ, ಅಲ್ಲಿಂದ ಸಿಎ-3, ಅಲ್ಲಿಂದ ಸಿಎ-1, ಆಮೇಲೆ ಮತ್ತೆ ಹೊರಕ್ಕೆ. ಹೆಸರುಗಳನ್ನು ಓದುಗರು ನೆನಪಿಟ್ಟುಕೊಳ್ಳಬೇಕಾಗಿಲ್ಲ. ಒಳಗೆ ಹೋಗುವ ಮುಖ್ಯ ಬಾಗಿಲು ಒಂದೇ ಎಂಬುದಷ್ಟು ಸಾಕು.

ಸರ್ಕಾರಿ ಕಚೇರಿಯ ಟಪಾಲು ಶಾಖೆಯನ್ನು ಊಹಿಸಿಕೊಳ್ಳಿ. ಬಂದ ಕಾಗದವನ್ನೆಲ್ಲ ಅಲ್ಲಿ ನಮೂದಿಸಿ ನಂಬರು ಹಾಕಿದರೆ ಮಾತ್ರ ಅದು ಕಡತ ಸೇರುತ್ತದೆ. ಟಪಾಲು ಗುಮಾಸ್ತನೇ ಇಲ್ಲದ ಕಚೇರಿಯಲ್ಲಿ ರೆಕಾರ್ಡ್ ರೂಮಿನ ಹಳೇ ಕಡತಗಳು ಹಾಗೇ ಇರುತ್ತವೆ. ಇಂದು ಬಂದ ಅರ್ಜಿ ಮಾತ್ರ ಎಲ್ಲೂ ಸಿಗುವುದಿಲ್ಲ. ಅಜ್ಜಿಯ ಮದುವೆ ಊಟ ಹಳೇ ಕಡತ. ಬೆಳಗಿನ ಉಪ್ಪಿಟ್ಟು ನಂಬರು ಬೀಳದ ಅರ್ಜಿ.

ಇದು ಬರೀ ಹೋಲಿಕೆಯಲ್ಲ. 1953ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಹೆನ್ರಿ ಮೊಲೈಸನ್ ಎಂಬ 27 ವರ್ಷದ ಯುವಕನಿಗೆ, ಹತೋಟಿಗೆ ಬಾರದ ಮೂರ್ಛೆರೋಗಕ್ಕೆಂದು ಡಾ. ವಿಲಿಯಂ ಸ್ಕೋವಿಲ್ ಎರಡೂ ಕಡೆ ಈ ಭಾಗದ ಶಸ್ತ್ರಚಿಕಿತ್ಸೆ ಮಾಡಿದರು. ಮೂರ್ಛೆಯೇನೋ ಕಡಿಮೆಯಾಯಿತು. ಆದರೆ 2008ರಲ್ಲಿ ಸಾಯುವವರೆಗೂ ಆತ ದಿನನಿತ್ಯ ಭೇಟಿಯಾಗುವವರನ್ನೂ ಹೊಸಬರೆಂದೇ ತಿಳಿಯುತ್ತಿದ್ದ. ಬಾಲ್ಯದ ನೆನಪುಗಳಿದ್ದವು, ಬುದ್ಧಿ ಚುರುಕಾಗಿತ್ತು. 1997ರಲ್ಲಿ ಪ್ರಕಟವಾದ ಎಂಆರ್‌ಐ ವರದಿ ಇನ್ನೊಂದು ಸಂಗತಿ ತೋರಿಸಿತು: ಆತನ ಹಿಪ್ಪೊಕ್ಯಾಂಪಸ್ಸಿನ ಹಿಂಭಾಗದ ತುಂಡು ಉಳಿದೇ ಇತ್ತು. ಹೋಗಿದ್ದದ್ದು ಬಹುಪಾಲು ಆ ಬಾಗಿಲು. ದಾರಿಯೇ ಇಲ್ಲದ ಮೇಲೆ ಮನೆ ಇದ್ದೇನು ಫಲ?

ಆಲ್ಝೈಮರ್ ಕಾಯಿಲೆ ಯಾವ ಶಸ್ತ್ರವೂ ಇಲ್ಲದೆ, ನಿಧಾನವಾಗಿ, ಇದೇ ಕೆಲಸ ಮಾಡುತ್ತದೆ. ಕಾಯಿಲೆಯ ಸಿಕ್ಕುಗಂಟುಗಳು ಮಿದುಳಿನ ಹೊರಪದರದಲ್ಲಿ ಮೊದಲು ಕಾಣಿಸಿಕೊಳ್ಳುವುದು ಈ ಬಾಗಿಲಿನ ಆಸುಪಾಸಿನಲ್ಲೇ ಎಂದು 1991ರಲ್ಲಿ ಜರ್ಮನಿಯ ಬ್ರಾಕ್ ದಂಪತಿ ತೋರಿಸಿದರು. ಅತಿ ಸೌಮ್ಯ ಹಂತದಲ್ಲಿದ್ದಾಗ ತೀರಿಕೊಂಡವರ ಮಿದುಳುಗಳಲ್ಲಿ ಕೂಡ ಒಳಕ್ಕೆ ತಂತು ಕಳಿಸುವ ಪದರದ ಅರ್ಧಕ್ಕೂ ಹೆಚ್ಚು ನರಕೋಶಗಳು ನಶಿಸಿದ್ದವು ಎಂದು 1996ರ ಇನ್ನೊಂದು ಅಧ್ಯಯನ ಹೇಳಿತು. ಮನೆಯವರು "ನಾಟಕ" ಎನ್ನುವ ಹೊತ್ತಿಗೆ ಒಳಗೆ ಇಷ್ಟೆಲ್ಲ ಆಗಿಹೋಗಿರಬಹುದು.

ದಾರಿ ತಪ್ಪುವುದಕ್ಕೂ ಇದೇ ಮೂಲ. ನಾವು ಎಲ್ಲಿದ್ದೇವೆಂದು ಲೆಕ್ಕವಿಡುವ ವಿಶೇಷ ನರಕೋಶಗಳು ಇದೇ ಎಂಟೋರೈನಲ್ ಪದರದಲ್ಲಿವೆ. 2005ರಲ್ಲಿ ಇಲಿಗಳಲ್ಲಿ ಅವನ್ನು ಗುರುತಿಸಿದ ನಾರ್ವೆಯ ಮೋಸರ್ ದಂಪತಿಗೆ 2014ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಬಂತು. ಮೂವತ್ತು ವರ್ಷ ನಡೆದಾಡಿದ ಬೀದಿಯಲ್ಲಿ ಯಜಮಾನರು ಮನೆ ಹುಡುಕುತ್ತ ನಿಂತರೆ ನಗಬೇಡಿ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ಎಲ್ಲರಿಗೂ ಇರುವಂಥದ್ದು, ಇದು ಹಾಗಲ್ಲ.

ಹಿಪ್ಪೊಕ್ಯಾಂಪಸ್ಸಿನ ಮುಂಭಾಗಕ್ಕೆ ಇನ್ನೊಂದು ನೆಂಟಸ್ತಿಕೆಯಿದೆ. ಭಯ, ದುಃಖಗಳನ್ನು ಗ್ರಹಿಸುವ ಅಮಿಗ್ಡಲದ ಜೊತೆ ಅದಕ್ಕೆ ಹತ್ತಿರದ ಸಂಪರ್ಕ. ಆದರೆ ಭಾವನೆ ಉಳಿಯಲು ಹಿಪ್ಪೊಕ್ಯಾಂಪಸ್ಸಿನ ದಾಖಲೆ ಬೇಕೇಬೇಕೆಂದಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಲ್ಝೈಮರ್ ರೋಗಿಗಳಿಗೆ ದುಃಖದ ಮತ್ತು ಸಂತೋಷದ ಸಿನಿಮಾ ತುಣುಕುಗಳನ್ನು ತೋರಿಸಿದ್ದರು. ಸ್ವಲ್ಪ ಹೊತ್ತಿಗೆ ಏನು ನೋಡಿದೆವೆಂಬುದು ಅವರಿಗೆ ಹೆಚ್ಚೇನೂ ನೆನಪಿರಲಿಲ್ಲ. ದುಃಖ, ಸಂತೋಷ ಮಾತ್ರ ಉಳಿದಿದ್ದವು. ನಾವು ಗದರಿದ ಮಾತು ಅಜ್ಜಿಗೆ ಮರೆತುಹೋಗುತ್ತದೆ, ನೋವು ಹೋಗುವುದಿಲ್ಲ. ಕಾರಣ ತಿಳಿಯದ ಆ ನೋವೇ ಸಂಜೆ ಹೊತ್ತಿಗೆ ಅಳುವೋ ಸಿಟ್ಟೋ ಆಗಿ ಹೊರಬಂದರೆ "ಸುಮ್ಮಸುಮ್ಮನೆ ಅಳ್ತಾರೆ" ಎನ್ನುತ್ತೇವೆ! "ಆಗಲೇ ಹೇಳಲಿಲ್ವಾ?" ಎನ್ನುವ ಬದಲು ಇಪ್ಪತ್ತೊಂದನೆಯ ಸಲವೂ ನೇರವಾಗಿ ಉತ್ತರ ಕೊಡುವುದೇ ಮೇಲು. ಕಷ್ಟ, ನಿಜ. ಆ ಕಷ್ಟ ಸೊಸೆಯೊಬ್ಬಳ ಪಾಲಿಗೇ ಬೀಳಬೇಕೆಂದು ಯಾರೂ ಬರೆದಿಟ್ಟಿಲ್ಲ. ಗಂಡುಮಕ್ಕಳೂ ಸರದಿಯಲ್ಲಿ ಕೂರಬಹುದು.

ಇನ್ನು "ಅರವತ್ತಕ್ಕೆ ಅರಳು ಮರಳು" ಎಂಬ ನಮ್ಮ ಗಾದೆ. ಇದರಷ್ಟು ಹಾನಿ ಮಾಡಿದ ಗಾದೆ ವೈದ್ಯರ ಪಾಲಿಗೆ ಬೇರೆ ಇರಲಾರದು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ, ಭಾರತದಲ್ಲಿ 60 ದಾಟಿದವರ ಪೈಕಿ ಬುದ್ಧಿಭ್ರಂಶ ಇರುವವರು ಶೇಕಡಾ 7.4. ಎಂದರೆ ನೂರರಲ್ಲಿ ತೊಂಬತ್ತೆರಡಕ್ಕೂ ಹೆಚ್ಚು ಮಂದಿಗೆ ಅದಿಲ್ಲ. ವಯಸ್ಸಾದ ಮೇಲೆ ಹೀಗೇ ಎಂದು ಕೈಚೆಲ್ಲಿ ಕೂತರೆ, ಸರಿಪಡಿಸಬಹುದಾದ ಮರೆವನ್ನೂ ಹಾಗೇ ಬಿಟ್ಟಂತಾಗುತ್ತದೆ.

ಸರಿಪಡಿಸಬಹುದಾದದ್ದೂ ಉಂಟು. ಹಿಪ್ಪೊಕ್ಯಾಂಪಸ್ಸಿಗೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಒದಗಿಸುವ ಪ್ರತ್ಯೇಕ ನರಮಾರ್ಗವೊಂದಿದೆ. ಆಲ್ಝೈಮರ್‌ಗೆ ಕೊಡುವ ಡೊನೆಪೆಜಿಲ್ ಮಾತ್ರೆ ಈ ರಾಸಾಯನಿಕವನ್ನು ಹೆಚ್ಚಿಸುತ್ತದೆ. ಕಾಯಿಲೆಯನ್ನು ಅದು ವಾಸಿಮಾಡುವುದಿಲ್ಲ, ಕೆಲವರಿಗೆ ಕೆಲಕಾಲ ಸ್ವಲ್ಪ ಅನುಕೂಲವಾಗುತ್ತದೆ ಅಷ್ಟೆ. ತಮಾಷೆಯೆಂದರೆ ನೆಗಡಿ, ತುರಿಕೆಗೆಂದು ಅಂಗಡಿಯಲ್ಲಿ ಕೊಂಡು ನುಂಗುವ ಕೆಲವು ನಿದ್ದೆ ತರಿಸುವ ಮಾತ್ರೆಗಳು, ಪದೇ ಪದೇ ಮೂತ್ರಕ್ಕೆ ಹೋಗುವುದನ್ನು ತಡೆಯುವ ಕೆಲವು ಮಾತ್ರೆಗಳು ಇದೇ ರಾಸಾಯನಿಕಕ್ಕೆ ಅಡ್ಡಗಾಲು ಹಾಕುತ್ತವೆ. ವೃದ್ಧರಲ್ಲಿ ಮರೆವು, ಗೊಂದಲ ಹೆಚ್ಚಲು ಇಷ್ಟೇ ಸಾಕು. ಬಿ-12 ವಿಟಮಿನ್ನಿನ ಕೊರತೆ, ಥೈರಾಯ್ಡ್ ದೋಷ, ಖಿನ್ನತೆ, ಕಿವಿ ಮಂದವಾಗಿರುವುದು ಇವೂ ಮರೆವಿನ ವೇಷ ತೊಟ್ಟು ಬರುತ್ತವೆ. ಜ್ಞಾಪಕಶಕ್ತಿಯ ಟಾನಿಕ್ ಎಂದು ಕಂಡಕಂಡ ಸೀಸೆಗಳಿಗೆ ಸುರಿಯುವ ದುಡ್ಡಿನಲ್ಲಿ ಈ ರಕ್ತಪರೀಕ್ಷೆಗಳನ್ನು ಮಾಡಿಸಬಹುದು. ಟಾನಿಕ್ ಕುಡಿಸುತ್ತ ಆರು ತಿಂಗಳು ಕಳೆಯುವುದು ಬೇರೆ ನಷ್ಟ.

ವೈದ್ಯರಲ್ಲಿಗೆ ಹೋಗುವಾಗ ಅಜ್ಜಿ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ, ಅಂಗಡಿಯವರು ಕೊಟ್ಟದ್ದನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಯಾವಾಗಿನಿಂದ ಏನೇನು ಮರೆಯುತ್ತಿದ್ದಾರೆ, ದಾರಿ ತಪ್ಪಿದ್ದುಂಟೇ ಎಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಜೊತೆಗೆ ಹೋಗಬೇಕಾದವರು ದಿನವೂ ಅವರ ಹತ್ತಿರ ಇರುವವರು, ಭಾನುವಾರ ಬಂದು ಹೋಗುವ ಮಗನಲ್ಲ. ಮರೆವಿನ ವಿಷಯವನ್ನು ಅವರೆದುರೇ ಗಟ್ಟಿಯಾಗಿ ಹೇಳಿ ನಾಚಿಸುವ ಬದಲು ಆ ಚೀಟಿಯನ್ನು ವೈದ್ಯರ ಕೈಗೆ ಕೊಟ್ಟರಾಯಿತು.