ಗೊತ್ತಿದ್ದ ಎರಡು ಕೂಡಿದಾಗ

ಎಲ್ಲರಿಗೂ ಗೊತ್ತಿರುವ ಎರಡು ತಂತ್ರಗಳನ್ನು ಕೂಡಿಸಿದವನಿಗೆ ಪೇಟೆಂಟ್ ಕೊಡಬೇಕೆ? ಫಲಿತಾಂಶ ಮೊದಲೇ ಊಹಿಸಬಹುದಾದದ್ದಾಗಿದ್ದರೆ ಬೇಡ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2007ರಲ್ಲಿ ಕೆಎಸ್ಆರ್–ಟೆಲಿಫ್ಲೆಕ್ಸ್ ಪ್ರಕರಣದಲ್ಲಿ ಒಮ್ಮತದಿಂದ ಹೇಳಿತು. ಅಲ್ಲಿನ ಜಗಳ ಕಾರಿನ ಪೆಡಲ್‌ಗೆ ಎಲೆಕ್ಟ್ರಾನಿಕ್ ಸೆನ್ಸರ್ ಕೂರಿಸುವುದರ ಬಗ್ಗೆ. ಪೆಡಲ್ಲೂ ಹಳೆಯದು, ಸೆನ್ಸರೂ ಹಳೆಯದು. ಎಂಜಿನ್ ಕಂಪ್ಯೂಟರಿನ ಹಿಡಿತಕ್ಕೆ ಬಂದಮೇಲೆ ಎರಡನ್ನೂ ಸೇರಿಸದೆ ವಿಧಿಯಿರಲಿಲ್ಲ. ಸೇರಿಸಲು ಪ್ರೇರಣೆ ಎಲ್ಲಿತ್ತೆಂದು ತೋರಿಸಿ ಎಂಬ ಕೆಳಗಿನ ಕೋರ್ಟಿನ ಬಿಗಿ ಪಟ್ಟನ್ನು ಸಡಿಲಿಸಿದ ಆ ತೀರ್ಪು ಸರಿಯಾದದ್ದೇ. ಆದರೆ ಬಿಡಿಭಾಗಗಳ ಜೋಡಣೆಗೆ ಒಪ್ಪುವ ಈ ಅಳತೆಗೋಲನ್ನು ತಯಾರಿಕಾ ವಿಧಾನಗಳಿಗೆ ಕಣ್ಣುಮುಚ್ಚಿ ಹಿಡಿಯಬಾರದು.

ಕಂಪ್ಯೂಟರ್ ಚಿಪ್‌ನೊಳಗಿನ ತಾಮ್ರದ ತಂತಿಗಳನ್ನೇ ನೋಡಿ. ಅಲ್ಯೂಮಿನಿಯಂಗಿಂತ ತಾಮ್ರ ಚೆನ್ನಾಗಿ ವಿದ್ಯುತ್ ಹರಿಸುತ್ತದೆಂದು ಶಾಲಾ ಮಕ್ಕಳಿಗೂ ಗೊತ್ತು. ಆದರೂ ಉದ್ಯಮ ದಶಕಗಳ ಕಾಲ ಅಲ್ಯೂಮಿನಿಯಂ ಬಿಡಲಿಲ್ಲ. ತಾಮ್ರ ಸಿಲಿಕಾನ್‌ನೊಳಕ್ಕೆ ಜಿನುಗಿ ಟ್ರಾನ್ಸಿಸ್ಟರ್ ಕೆಡಿಸುತ್ತಿತ್ತು. ಅಲ್ಯೂಮಿನಿಯಂನಂತೆ ಅದನ್ನು ಕೊರೆದು ತಂತಿ ಮಾಡುವುದೂ ಆಗುತ್ತಿರಲಿಲ್ಲ. 1997ರಲ್ಲಿ ಐಬಿಎಂ ಪ್ರಕಟಿಸಿದ ದಾರಿ ಬೇರೆ: ನಿರೋಧಕ ಪದರದಲ್ಲಿ ಮೊದಲು ಕಾಲುವೆ ತೋಡಿ, ತಡೆಪದರ ಹಾಸಿ, ವಿದ್ಯುಲ್ಲೇಪನದಿಂದ ತಾಮ್ರ ತುಂಬಿ, ಹೆಚ್ಚಾದದ್ದನ್ನು ಉಜ್ಜಿ ತೆಗೆಯುವುದು. ಬೀದರಿನ ಕುಶಲಕರ್ಮಿ ಲೋಹದಲ್ಲಿ ಗೆರೆ ಕೊರೆದು, ಬೆಳ್ಳಿ ಕೂರಿಸಿ, ನುಣುಪು ಮಾಡುವುದೂ ಹೀಗೆಯೇ. ಲೇಪನವನ್ನು ಸರ್ಕ್ಯೂಟ್ ಬೋರ್ಡ್ ಮಾಡುವವರು ಬಲ್ಲರು. ಇವನ್ನೆಲ್ಲ ಸಾಲಾಗಿ ಜೋಡಿಸಿ ‘ಇದರಲ್ಲೇನಿದೆ’ ಎನ್ನುವುದು ಜಾಣ ವಕೀಲರಿಗೆ ಕಷ್ಟವಲ್ಲ. ಉತ್ತರ ಕಂಡಮೇಲೆ ಲೆಕ್ಕ ಸುಲಭವೇ.

ಕಷ್ಟಪಟ್ಟ ಮಾತ್ರಕ್ಕೆ ಆವಿಷ್ಕಾರವಾಗುವುದಿಲ್ಲ, ಹಣವಿದ್ದವರು ಪ್ರತಿ ಅಡ್ಡಿಯ ಮೇಲೂ ಹಕ್ಕು ಸಾಧಿಸಿ ಉಳಿದವರ ದಾರಿ ಕಟ್ಟುತ್ತಾರೆ ಎಂಬ ಆಕ್ಷೇಪವಿದೆ. ಅದು ತೂಕದ ಮಾತು. ಉಷ್ಣಾಂಶ, ರಾಸಾಯನಿಕದ ಪ್ರಮಾಣ ಬದಲಿಸುತ್ತಾ ಹೋದರೆ ತಾನಾಗಿ ಸಿಗುವ ಪರಿಹಾರಕ್ಕೆ ಪೇಟೆಂಟ್ ಬೇಡ. ಆದರೆ ತಜ್ಞರೇ ಆಗದು ಎಂದದ್ದು ಆದರೆ? ಮೆಗ್ನೀಸಿಯಂ ಮತ್ತು ಕ್ಯೂಪ್ರಸ್ ಕ್ಲೋರೈಡ್ ಸೇರಿಸಿ, ನೀರು ಹಾಕಿದರೆ ನಡೆಯುವ ಬ್ಯಾಟರಿ ಮಾಡಿದ ಆಡಮ್ಸ್ ಎಂಬಾತನನ್ನು ಅಮೆರಿಕದ ಸೇನೆಯ ತಜ್ಞರು ಮೊದಲು ನಂಬಲಿಲ್ಲ. ಎರಡೂ ವಸ್ತುಗಳು ಪರಿಚಿತವೇ ಆಗಿದ್ದರೂ 1966ರಲ್ಲಿ ಅದೇ ಸುಪ್ರೀಂ ಕೋರ್ಟ್ ಪೇಟೆಂಟನ್ನು ಎತ್ತಿಹಿಡಿಯಿತು. ಅಂದಿನ ಅಪನಂಬಿಕೆಯನ್ನು ಇಂದಿನ ಜಾಣತನ ಅಳಿಸಲಾರದು.

ನಮ್ಮ ಪೇಟೆಂಟ್ ಕಾಯ್ದೆಯ 3(ಎಫ್) ಕಲಂ, ತಂತಮ್ಮ ಪಾಡಿಗೆ ಹಳೆಯ ರೀತಿಯಲ್ಲೇ ಕೆಲಸ ಮಾಡುವ ಸಾಧನಗಳ ಬರೀ ಜೋಡಣೆಯನ್ನು ಹೊರಗಿಡುತ್ತದೆ. ಅದು ಸಾಧನಗಳ ಕುರಿತ ಮಾತಾದರೂ ಅದರ ತರ್ಕ ತಯಾರಿಕೆಗೂ ಒದಗುತ್ತದೆ: ಒಂದು ಹಂತ ಇನ್ನೊಂದನ್ನು ಬದಲಾಯಿಸಿತೆ? ಪರೀಕ್ಷಕರು ಅರ್ಜಿದಾರರಿಂದ ಗೆದ್ದ ಪ್ರಯೋಗದ ಜೊತೆಗೆ ಸೋತ ಪ್ರಯೋಗಗಳ ದಾಖಲೆಯನ್ನೂ ಕೇಳಲಿ.