ಕ್ಷಾಮಕ್ಕೆ ಮಳೆಯೊಂದೇ ಹೊಣೆಯೇ?

ದೂರದ ಬಡ ದೇಶವೊಂದರಲ್ಲಿ ಜನರು ಹಸಿವಿನಿಂದ ಸಾಯುತ್ತಿದ್ದಾರೆಂಬ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಮೂರು ಉತ್ತರಗಳು ಸಿದ್ಧವಾಗಿರುತ್ತವೆ: ಮಳೆ ಕೈಕೊಟ್ಟಿತು, ಜನಸಂಖ್ಯೆ ಮಿತಿಮೀರಿತು, ಎಲ್ಲವೂ ದೈವಚಿತ್ತ. ಈ ಮೂರು ಉತ್ತರಗಳ ಸಮಾನ ಗುಣವೆಂದರೆ, ಅವು ಯಾರನ್ನೂ ಹೊಣೆಗಾರರನ್ನಾಗಿಸುವುದಿಲ್ಲ. ಆದುದರಿಂದಲೇ ಅವು ನಮಗೆ ಅಷ್ಟೊಂದು ಪ್ರಿಯ.

ಬರ ಬೇರೆ, ಕ್ಷಾಮ ಬೇರೆ. ಬರವೆಂದರೆ ಮಳೆಯ ಅಭಾವ. ಕ್ಷಾಮವೆಂದರೆ ಮನುಷ್ಯನ ತಟ್ಟೆಗೆ ಅನ್ನ ತಲುಪದ ಸ್ಥಿತಿ. ಮೊದಲನೆಯದು ಎರಡನೆಯದಾಗಿ ಮಾರ್ಪಡಬೇಕಾದರೆ ನಡುವೆ ಮನುಷ್ಯನ ಕೈವಾಡ ಇರಲೇಬೇಕು.

1943ರ ಬಂಗಾಳದ ಕ್ಷಾಮದಲ್ಲಿ ಇಪ್ಪತ್ತರಿಂದ ಮೂವತ್ತು ಲಕ್ಷ ಜನರು ಮಡಿದರೆಂಬ ಅಂದಾಜಿದೆ. ಆದರೆ ಆ ವರ್ಷದ ಆಹಾರಧಾನ್ಯದ ಪ್ರಮಾಣ ಕ್ಷಾಮವಿಲ್ಲದ 1941ಕ್ಕಿಂತ ಕಡಿಮೆಯಿರಲಿಲ್ಲವೆಂದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 1981ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟರು. ಯುದ್ಧಕಾಲದ ವೆಚ್ಚದಿಂದ ಅಕ್ಕಿಯ ಬೆಲೆ ಗಗನಕ್ಕೇರಿತು. ಕೃಷಿ ಕೂಲಿಕಾರರ ಕೂಲಿ ಮಾತ್ರ ಏರಲಿಲ್ಲ. ಅಕ್ಕಿ ಇತ್ತು, ಅದನ್ನು ಕೊಳ್ಳುವ ಶಕ್ತಿ ಇರಲಿಲ್ಲ.

1974ರಲ್ಲಿ ಬಾಂಗ್ಲಾದೇಶದಲ್ಲಿಯೂ ಇದೇ ಕಥೆ. 1971ರಿಂದ 1975ರವರೆಗಿನ ಐದು ವರ್ಷಗಳಲ್ಲಿ ತಲಾ ಆಹಾರಧಾನ್ಯದ ಲಭ್ಯತೆ ಅತಿ ಹೆಚ್ಚಾಗಿದ್ದುದು ಆ ವರ್ಷವೇ. ಪ್ರವಾಹದಿಂದ ಕೂಲಿ ನಿಂತಿತು, ಬೆಲೆ ಏರಿತು. ಸಾಲದೆಂಬಂತೆ, ಕ್ಯೂಬಾಕ್ಕೆ ಸೆಣಬಿನ ಚೀಲ ಮಾರಿದ ತಪ್ಪಿಗೆ ಅಮೆರಿಕ ತನ್ನ ಆಹಾರ ನೆರವನ್ನು ತಡೆಹಿಡಿಯಿತು. ಬರಗಾಲದಲ್ಲಿ ಅಧಿಕ ಮಾಸ ಎಂದರೆ ಇದೇ ಅಲ್ಲವೇ?

ಜನಸಂಖ್ಯೆಯೇ ಕಾರಣವೆನ್ನುವವರು ಇದೇ ದೇಶವನ್ನು ನೋಡಲಿ. ಅಂದು ಏಳು ಕೋಟಿಗೂ ಮೀರಿದ್ದ ಅಲ್ಲಿನ ಜನರು ಇಂದು ಸುಮಾರು ಹದಿನೇಳು ಕೋಟಿ. ಆದರೂ 1974ರಂತಹ ಕ್ಷಾಮ ಅಲ್ಲಿ ಮರುಕಳಿಸಿಲ್ಲ.

ಮಳೆಯ ಪಾತ್ರವೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. 1984ರಲ್ಲಿ ಇಥಿಯೋಪಿಯಾದಲ್ಲಿ ಮಳೆ ನಿಜವಾಗಿಯೂ ಕೈಕೊಟ್ಟಿತ್ತು. ಆದರೆ ಉತ್ತರದ ಪ್ರಾಂತ್ಯಗಳು ಹಸಿವಿನಿಂದ ನರಳುತ್ತಿದ್ದಾಗ ಮೆಂಗಿಸ್ತು ಸರ್ಕಾರವು ಕ್ರಾಂತಿಯ ಹತ್ತನೆಯ ವರ್ಷಾಚರಣೆಯನ್ನು ವೈಭವದಿಂದ ನಡೆಸುತ್ತಿತ್ತು. ಬಂಡುಕೋರರ ಪ್ರದೇಶಗಳಿಗೆ ಆಹಾರ ತಲುಪದಂತೆ ತಡೆಯುತ್ತಿತ್ತು. ಸುಡಾನಿನಲ್ಲಿ 2023ರ ಏಪ್ರಿಲ್‌ನಲ್ಲಿ ಯುದ್ಧ ಆರಂಭವಾಯಿತು. 2024ರ ಆಗಸ್ಟ್‌ನಲ್ಲಿ ಜಮ್ಜಮ್ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮ ದೃಢಪಟ್ಟಿತು. ಅಲ್ಲಿ ದಾರಿ ಮುಚ್ಚಿದ್ದು ಮೋಡವಲ್ಲ, ಬಂದೂಕು. ಹಸಿವನ್ನು ಯುದ್ಧದ ಆಯುಧವಾಗಿಸುವುದನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2018ರಲ್ಲಿಯೇ ಖಂಡಿಸಿತ್ತು. ಖಂಡನೆಯ ಕಾಗದದಿಂದ ಯಾರ ಹೊಟ್ಟೆಯೂ ತುಂಬಲಿಲ್ಲ.

ತಡೆಯುವ ದಾರಿ ನಮಗೆ ತಿಳಿಯದ್ದೇನೂ ಅಲ್ಲ. 1972-73ರ ಭೀಕರ ಬರದಲ್ಲಿ ನೆರೆಯ ಮಹಾರಾಷ್ಟ್ರವು ಲಕ್ಷಾಂತರ ಜನರಿಗೆ ಪರಿಹಾರ ಕಾಮಗಾರಿಗಳಲ್ಲಿ ಕೂಲಿ ಒದಗಿಸಿ, ಬರವು ಮಹಾಕ್ಷಾಮವಾಗದಂತೆ ತಡೆಯಿತು. ಬೆಳೆ ಹೋದರೂ ಜನರ ಕೈಯಲ್ಲಿ ಕಾಸಿತ್ತು.

ಆದುದರಿಂದ ಪ್ರಿಯ ಓದುಗರೇ, ಹಸಿದವರಿಗಾಗಿ ಕಾಣಿಕೆ ನೀಡೋಣ. ಅದು ನಮ್ಮ ಕರ್ತವ್ಯ. ಆದರೆ ಅಷ್ಟಕ್ಕೇ ಕೈತೊಳೆದುಕೊಳ್ಳದಿರೋಣ. ಧಾನ್ಯ ಯಾರ ಉಗ್ರಾಣದಲ್ಲಿತ್ತು, ದಾರಿಯನ್ನು ತಡೆದವರಾರು, ಕೂಲಿಯನ್ನು ಕಸಿದವರಾರು ಎಂದೂ ಕೇಳೋಣ. ಮನುಷ್ಯನು ಮಾಡಿದ ಪಾಪಕ್ಕೆ ದೈವಚಿತ್ತವೆಂಬ ಹೆಸರಿಡುವುದು ಭಕ್ತಿಯಲ್ಲ, ದೇವರ ಮೇಲೆ ಹೊರಿಸುವ ಸುಳ್ಳು ಆಪಾದನೆ.