ಮೂಕವಾದ ಪೆನ್‌ಡ್ರೈವು

ಮದುವೆಯ ಚಿತ್ರಗಳೆಲ್ಲ ಅಡಗಿರುವ ಪೆನ್‌ಡ್ರೈವು ಲಿನಕ್ಸ್ ಗಣಕಯಂತ್ರದಲ್ಲಿ ಕಾಣಿಸದಿದ್ದರೆ, ವಾಚಕರೇ, ಅದು ಸತ್ತಿತೆಂದು ಒಡನೆಯೇ ತೀರ್ಮಾನಿಸಬೇಡಿ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಈ ವ್ಯವಸ್ಥೆಗೆ ಒಂದು ಸದ್ಗುಣವುಂಟು: ನಡೆದುದನ್ನು ಬಚ್ಚಿಡದೆ ಬರೆದಿಡುತ್ತದೆ. ಟರ್ಮಿನಲ್ ತೆರೆದು ‘ಎಲ್‌ಎಸ್‌ಯುಎಸ್‌ಬಿ’ ಎಂಬ ಆಜ್ಞೆ ಕೊಡಿ. ಬಂದ ಪಟ್ಟಿಯಲ್ಲಿ ಡ್ರೈವಿನ ಸುಳಿವೇ ಇಲ್ಲವಾದರೆ ಬೇರೊಂದು ಕಿಂಡಿಗೆ ಸಿಕ್ಕಿಸಿ ನೋಡಿ. ದೋಷವು ಕಿಂಡಿಯದೇ ಇದ್ದೀತು. ಸುಳಿವಿದ್ದೂ ಕಡತಗಳು ತೆರೆಯದಿದ್ದರೆ ‘ಸುಡೊ ಡಿಎಂಇಎಸ್‌ಜಿ’ ಎಂದು ಯಂತ್ರದ ದಿನಚರಿಯನ್ನು ತೆರೆದು ಕೊನೆಯ ಸಾಲುಗಳನ್ನು ಓದಿ. ‘ಐ/ಒ ಎರರ್’ ಎಂದಿದ್ದರೆ ದುರಸ್ತಿಗೆ ಕೈಹಾಕುವ ಮುನ್ನ ಓದಸಿಕ್ಕಷ್ಟನ್ನು ನಕಲಿಸಿಕೊಳ್ಳಿ. ಫಾರ್ಮ್ಯಾಟ್ ಮಾಡಿಬಿಡುವ ಆತುರ ಮಾತ್ರ ಬೇಡ. ಯಂತ್ರವನ್ನು ಮತ್ತೆ ಕೊಳ್ಳಬಹುದು, ಮದುವೆಯ ಚಿತ್ರಗಳನ್ನಲ್ಲ.